ಕಣ್ಣಾಮುಚ್ಚಾಲೆ ಆಡುವ ದೀಪ

ಚಕ್ರ ಗುಂಡಿಗೆ ಬಿದ್ದಾಗ ಹೊತ್ತಿಕೊಳ್ಳುವ ಎಬಿಎಸ್ ದೀಪ, ಗ್ಯಾರೇಜಿನ ಮುಂದೆ ನಿಂತೊಡನೆ ಆರಿಹೋಗುತ್ತದೆ. ಹಳೆಯ ಕಾರಿನವರಿಗೆ ಈ ಆಟ ಹೊಸದಲ್ಲ.

ಸ್ಕ್ಯಾನರ್‌ನಲ್ಲಿ ‘ಯು’ ಅಕ್ಷರದ ಕೋಡ್ ಬಂದರೆ ಸೆನ್ಸರ್ ಬದಲಿಸುವ ಅವಸರ ಬೇಡ. ಕಾರಿನ ಎಲೆಕ್ಟ್ರಾನಿಕ್ ಘಟಕಗಳ ನಡುವೆ ಮಾತು ಕಡಿದಿದೆ ಎಂಬುದಷ್ಟೇ ಅದರ ಅರ್ಥ. 1986ರಲ್ಲಿ ಬಾಷ್ ಪರಿಚಯಿಸಿದ ಕ್ಯಾನ್ ಜಾಲದಲ್ಲಿ ಆ ಮಾತು ಸಾಗುವುದು ಹುರಿಗೊಳಿಸಿದ ಎರಡು ತಂತಿಗಳ ಮೇಲೆ. ಎರಡೂ ತುದಿಗೆ 120 ಓಮ್‌ನ ಒಂದೊಂದು ರೆಸಿಸ್ಟರ್. ಬ್ಯಾಟರಿ ಕಳಚಿ, ಡಯಾಗ್ನಾಸ್ಟಿಕ್ ಸಾಕೆಟ್‌ನ 6 ಮತ್ತು 14ನೇ ಪಿನ್‌ಗಳಿಗೆ ಮಲ್ಟಿಮೀಟರ್ ಹಿಡಿದರೆ ಈ ಜಾಲವಿರುವ ಬಹುತೇಕ ಕಾರುಗಳಲ್ಲಿ ಸುಮಾರು 60 ಓಮ್ ತೋರುತ್ತದೆ. 120 ಕಂಡರೆ ಎಲ್ಲೋ ತಂತಿ ತುಂಡಾಗಿದೆ, ಇಲ್ಲವೇ ಒಂದು ರೆಸಿಸ್ಟರ್ ಹೋಗಿದೆ.

60 ಸರಿಯಾಗಿಯೇ ಬಂತೆ? ಮೀಟರ್ ನೋಡುತ್ತಲೇ ವೈರಿಂಗ್ ಅಲ್ಲಾಡಿಸಬೇಕು. ಅಂಕಿ ಜಿಗಿದ ಜಾಗದ ಕನೆಕ್ಟರ್ ಬಿಚ್ಚಿದಾಗ ಎಷ್ಟೋ ಸಲ ಕಾಣುವುದು ಪಿನ್ನಿನ ಮೇಲಿನ ಹಸಿರು ಕಿಲುಬು.