ಬ್ರೌಸರಿನ ನೆನಪೂ ನಮ್ಮ ಬೀಗದ ಕೈಯೂ

ಪುಣೆಯ ಗುಲ್‌ಟೇಕಡಿಯ ಮಾರ್ಕೆಟ್ ಯಾರ್ಡಿನಲ್ಲಿ ಬೆಳಗಿನ ವ್ಯವಹಾರ ಹೇಗೆ ನಡೆಯುತ್ತದೆಂಬುದನ್ನು ನಮ್ಮ ಸಂಘದ ಬಂಧುಗಳಿಗೆ ಬಣ್ಣಿಸಿ ಹೇಳಬೇಕಾದುದಿಲ್ಲ. ಬೇಸಿಗೆಯಲ್ಲಿ ಕರ್ನಾಟಕದಿಂದ ಬಂದಿಳಿಯುವ ಮಾವಿನ ಪೆಟ್ಟಿಗೆಗಳು, ಭುಸಾರ ವಿಭಾಗದ ಬೆಲ್ಲ, ಬೇಳೆ, ಮೆಣಸಿನಕಾಯಿಯ ಚೀಲಗಳು, ಹಮಾಲರ ಓಡಾಟ, ಇವೆಲ್ಲ ಹಿಂದಿನಂತೆಯೇ ಇವೆ. ಬದಲಾದುದು ಯಜಮಾನರ ಗಾದಿಯ ಪಕ್ಕದ ಮೇಜು. ಕೆಂಪು ಬಟ್ಟೆಯ ರಟ್ಟಿನ ಕೀರ್ದಿ ಪುಸ್ತಕವಿದ್ದ ಎಡೆಯಲ್ಲಿ ಈಗ ಕಂಪ್ಯೂಟರೊಂದು ಕುಳಿತಿದೆ. ಬ್ಯಾಂಕಿನ ಖಾತೆ, ಜಿ.ಎಸ್.ಟಿ. ರಿಟರ್ನು, ಲಾರಿಯೊಡನೆ ಹೋಗಬೇಕಾದ ಇ-ವೇ ಬಿಲ್ಲು, ಮನೆಯ ವಿದ್ಯುತ್ತಿನ ಬಿಲ್ಲು, ಊರಿನಲ್ಲಿರುವ ತಾಯಿಯವರ ಪಿಂಚಣಿಯ ಲೆಕ್ಕ, ಇಷ್ಟೂ ಕೆಲಸ ಬ್ರೌಸರ್ ಎಂಬ ಒಂದೇ ಕಿಟಕಿಯ ಮೂಲಕ ಸಾಗುತ್ತಿದೆ.

ಈ ಬ್ರೌಸರು ದಿನದಲ್ಲಿ ಹಲವು ಬಾರಿ ಒಂದು ಸಣ್ಣ ಪ್ರಶ್ನೆಯನ್ನು ಕೇಳುತ್ತದೆ: ಈ ಪಾಸ್‌ವರ್ಡನ್ನು ಉಳಿಸಿಡಲೇ? ಕೇಳುವ ಹೊತ್ತಿಗೆ ಗಿರಾಕಿ ಎದುರಿಗೆ ನಿಂತಿರುತ್ತಾನೆ, ದೂರವಾಣಿ ಕರೆಯುತ್ತಿರುತ್ತದೆ. ಪೀಡೆ ತೊಲಗಲೆಂದು ನಾವು ನೀಲಿ ಗುಂಡಿಯನ್ನೊತ್ತಿ ಮುಂದೆ ಸಾಗುತ್ತೇವೆ. ಸಕ್ಕರೆ ಕಾಯಿಲೆ, ಹೃದಯರೋಗಗಳ ಕುರಿತ ವೈದ್ಯರ ಲೇಖನಗಳ ನಡುವೆ ಬ್ಯಾಂಕಿನವನೊಬ್ಬ ಇಂಥ ವಿಷಯವನ್ನು ತಂದಿಟ್ಟುದಕ್ಕೆ ವಾಚಕರು ಬೇಸರಿಸಬಾರದು. ಖಾತೆಯ ಹಣ ಹೋಯಿತೆಂದು ಓಡಿ ಬಂದವರ ರಕ್ತದೊತ್ತಡ ಏರಿರುವುದನ್ನು ಕೌಂಟರಿನ ಈಚೆಗೆ ಕುಳಿತು ಕಂಡವನಿಗೆ ಈ ಎರಡು ವಿಷಯಗಳು ಅಷ್ಟೇನೂ ದೂರದವೆನಿಸುವುದಿಲ್ಲ.

ಉಳಿಸಿದ ಪಾಸ್‌ವರ್ಡು ಎಲ್ಲಿಗೆ ಹೋಗುತ್ತದೆ ಎಂಬುದನ್ನು ಮೊದಲು ತಿಳಿಯಬೇಕು. ಕ್ರೋಮ್, ಎಡ್ಜ್, ಫೈರ್‌ಫಾಕ್ಸ್ ಮೂರೂ ಅದನ್ನು ಕಂಪ್ಯೂಟರಿನೊಳಗಿನ ಕಡತವೊಂದರಲ್ಲಿ ಗೂಢಲಿಪಿಗೆ ತಿರುಗಿಸಿ ಇಡುತ್ತವೆ. ವಿಂಡೋಸ್ ಯಂತ್ರದಲ್ಲಿ ಕ್ರೋಮ್ ಮತ್ತು ಎಡ್ಜ್‌ಗಳ ಮಟ್ಟಿಗೆ, ಆ ಲಿಪಿಯನ್ನು ಬಿಡಿಸುವ ಕೀಲಿ ನೀವು ಬೆಳಿಗ್ಗೆ ಯಂತ್ರವನ್ನು ತೆರೆಯುವ ಲಾಗಿನ್ನಿನೊಡನೆ ತಳಕು ಹಾಕಿಕೊಂಡಿರುತ್ತದೆ. ಆದುದರಿಂದ ಯಂತ್ರದ ಡಿಸ್ಕನ್ನು ಮಾತ್ರ ಕದ್ದೊಯ್ದು ಬೇರೆಡೆ ಜೋಡಿಸಿದವನಿಗೆ ಅದು ಸುಲಭವಾಗಿ ದಕ್ಕುವಂಥದಲ್ಲ. ಆದರೆ ನೀವು ತೆರೆದಿಟ್ಟು ಚಹಕ್ಕೆಂದು ಎದ್ದು ಹೋದಾಗ ಆ ಕುರ್ಚಿಯಲ್ಲಿ ಯಾರು ಬಂದು ಕುಳಿತರೂ ಯಂತ್ರದ ದೃಷ್ಟಿಯಲ್ಲಿ ಅವರು ನೀವೇ. ಅವರು ಪಾಸ್‌ವರ್ಡನ್ನು ಓದಲು ಹೊರಟರೆ ಯಂತ್ರವು ಪಿನ್ ಕೇಳೀತು. ಓದುವ ಅಗತ್ಯವಾದರೂ ಏನು? ಪುಟ ತೆರೆದೊಡನೆ ಬ್ರೌಸರೇ ಮುಂದಾಗಿ ತುಂಬಿ ಕೊಡುತ್ತದೆ.

ಮನುಷ್ಯರು ಮಾತ್ರವೇ ಆ ಕುರ್ಚಿಯಲ್ಲಿ ಕುಳಿತುಕೊಳ್ಳುವುದೂ ಇಲ್ಲ. ನಿಮ್ಮ ಹೆಸರಿನಲ್ಲಿ ಓಡುವ ಯಾವುದೊಂದು ದುಷ್ಟ ತಂತ್ರಾಂಶಕ್ಕೂ ಅದೇ ಅಧಿಕಾರ ದೊರೆಯುತ್ತದೆ. ಬ್ರೌಸರಿನಲ್ಲಿ ಉಳಿಸಿದ ಪಾಸ್‌ವರ್ಡುಗಳನ್ನು ಗುಡಿಸಿ ಒಯ್ಯುವುದೇ ಕಸುಬಾಗಿರುವ ತಂತ್ರಾಂಶಗಳ ಒಂದು ವರ್ಗವೇ ಉಂಟು. ಅವುಗಳಲ್ಲಿ ಕುಖ್ಯಾತವಾದ 'ರೆಡ್‌ಲೈನ್' ಎಂಬುದರ ಜಾಲವನ್ನು 2024ರ ಅಕ್ಟೋಬರ್ ತಿಂಗಳಲ್ಲಿ ನೆದರ್ಲೆಂಡ್ಸ್ ದೇಶದ ಪೊಲೀಸರು ಅಮೆರಿಕ ಮೊದಲಾದ ದೇಶಗಳ ಸಹಕಾರದಿಂದ ಮುರಿದರು. ಅದರ ಜಾತಿಯವು ಇನ್ನೂ ಇವೆ. ಹಣ ಕೊಟ್ಟು ಕೊಳ್ಳಬೇಕಾದ ತಂತ್ರಾಂಶವನ್ನು ಬಿಟ್ಟಿಯಾಗಿ ಇಳಿಸಿಕೊಳ್ಳುವವರ ಯಂತ್ರಗಳಿಗೆ ಇವು ವಿಶೇಷವಾಗಿ ಅಂಟುತ್ತವೆ. ಲೆಕ್ಕಪತ್ರದ ತಂತ್ರಾಂಶದಲ್ಲಿ ಕೆಲವು ಸಾವಿರ ರೂಪಾಯಿ ಉಳಿಸಹೊರಟವರು ಈ ಲೆಕ್ಕವನ್ನೂ ಹಾಕಿ ನೋಡಬೇಕು.

ಹಾಗಾದರೆ ಪಾಸ್‌ವರ್ಡನ್ನು ಎಂದೂ ಉಳಿಸಬಾರದೆ? ಬ್ಯಾಂಕುಗಳಲ್ಲಿ ಬಹುಕಾಲ ಇದೇ ಉಪದೇಶ ನಡೆದು ಬಂದಿತು. ಲಾಗಿನ್ ಪುಟಗಳನ್ನು ಬರೆಯುವವರು, ಬ್ರೌಸರು ಪಾಸ್‌ವರ್ಡನ್ನು ಉಳಿಸದಂತೆ ಪುಟದೊಳಗೇ ಒಂದು ನಿರ್ಬಂಧದ ಸೂಚನೆಯನ್ನು ಸೇರಿಸುತ್ತಿದ್ದರು. ಸುಮಾರು ಹತ್ತು ವರ್ಷಗಳ ಹಿಂದೆ ಪ್ರಮುಖ ಬ್ರೌಸರುಗಳೆಲ್ಲ ಆ ಸೂಚನೆಯನ್ನು ಮಾನ್ಯ ಮಾಡುವುದನ್ನೇ ಬಿಟ್ಟವು. ಅವರ ವಾದ ಹೀಗೆ: ನೆನಪಿಡುವ ಭಾರವನ್ನು ಮನುಷ್ಯನ ತಲೆಯ ಮೇಲೆ ಹೊರಿಸಿದರೆ ಅವನು ಎಲ್ಲ ಬಾಗಿಲುಗಳಿಗೂ ಒಂದೇ ಬೀಗ ಹಾಕುತ್ತಾನೆ, ಎಲ್ಲಿಯೋ ಒಂದು ಚಿಲ್ಲರೆ ಮಾರಾಟದ ತಾಣದಿಂದ ಆ ಪಾಸ್‌ವರ್ಡು ಸೋರಿದರೆ ಕಳ್ಳರು ಅದನ್ನೇ ಬ್ಯಾಂಕಿನ ಬಾಗಿಲಿಗೂ ಹಚ್ಚಿ ನೋಡುತ್ತಾರೆ. ನನ್ನ ಸಹೋದ್ಯೋಗಿಗಳಲ್ಲಿ ಹಲವರು ಒಪ್ಪದಿದ್ದರೂ, ಈ ವಾದದಲ್ಲಿ ಹುರುಳಿದೆ ಎಂಬುದು ನನ್ನ ಅಭಿಪ್ರಾಯ. ಕುಲದೇವರ ಹೆಸರಿಗೆ ಜನ್ಮವರ್ಷವನ್ನು ಅಂಟಿಸಿದ ಪಾಸ್‌ವರ್ಡಿಗಿಂತ ಬ್ರೌಸರೇ ಸೂಚಿಸಿ ತಾನೇ ನೆನಪಿಡುವ ಅಡ್ಡಾದಿಡ್ಡಿ ಅಕ್ಷರಗಳ ಪಾಸ್‌ವರ್ಡು ಎಷ್ಟೋ ಮೇಲು.

ಬ್ರೌಸರಿನ ನೆನಪಿಗೆ ಇನ್ನೊಂದು ಗುಣವಿದೆ. ಇದನ್ನು ನಮ್ಮವರು ಗಮನಿಸಿದಂತಿಲ್ಲ. ಅದು ಪಾಸ್‌ವರ್ಡನ್ನು ತಾಣದ ವಿಳಾಸದೊಡನೆ ಗಂಟು ಹಾಕಿ ಇಡುತ್ತದೆ. ಪುಟದ ಬಣ್ಣ, ಲಾಂಛನ, ಒಕ್ಕಣೆ ಎಲ್ಲವೂ ಬ್ಯಾಂಕಿನಂತೆಯೇ ಇದ್ದು ವಿಳಾಸದಲ್ಲಿ ಒಂದಕ್ಷರ ಬೇರೆಯಾಗಿದ್ದರೂ ಅದು ಪಾಸ್‌ವರ್ಡನ್ನು ತುಂಬುವುದಿಲ್ಲ. ನಮ್ಮ ಕಣ್ಣು ಮೋಸಹೋಗುವಲ್ಲಿ ಅದು ಮೋಸಹೋಗದು. ಎಂದೂ ತುಂಬುತ್ತಿದ್ದ ಬ್ರೌಸರು ಇಂದು ಸುಮ್ಮನಿದ್ದರೆ, ಕೈಯಿಂದ ಟೈಪು ಮಾಡಲು ಹೊರಡುವ ಮುನ್ನ ವಿಳಾಸದ ಪಟ್ಟಿಯನ್ನು ಒಮ್ಮೆ ಅಕ್ಷರ ಅಕ್ಷರವಾಗಿ ಓದಬೇಕು.

ಈ ಮಾತಿಗೆ ಇತ್ತೀಚೆಗೆ ಒಂದು ತೊಡಕು ಬಂದಿತು. ಭಾರತೀಯ ರಿಸರ್ವ್ ಬ್ಯಾಂಕು 2025ರ ಫೆಬ್ರವರಿಯಲ್ಲಿ, ದೇಶದ ಬ್ಯಾಂಕುಗಳಿಗೆಂದೇ 'ಡಾಟ್ ಬ್ಯಾಂಕ್ ಡಾಟ್ ಇನ್' ಎಂದು ಕೊನೆಗೊಳ್ಳುವ ವಿಳಾಸವನ್ನು ಗೊತ್ತುಪಡಿಸುವುದಾಗಿ ಸಾರಿತು. ಬ್ಯಾಂಕುಗಳು ಆ ವರ್ಷದ ಅಕ್ಟೋಬರ್ 31ರೊಳಗೆ ಅಲ್ಲಿಗೆ ಸ್ಥಳಾಂತರಗೊಳ್ಳಬೇಕೆಂದು ತರುವಾಯ ಆದೇಶವಾಯಿತು. ಹೈದರಾಬಾದಿನ ಐ.ಡಿ.ಆರ್.ಬಿ.ಟಿ. ಸಂಸ್ಥೆಯೊಂದೇ ಈ ವಿಳಾಸಗಳನ್ನು ನೋಂದಾಯಿಸುವ ಅಧಿಕಾರ ಪಡೆದಿದೆ. ಬ್ಯಾಂಕಲ್ಲದವರಿಗೆ ಅದು ದೊರೆಯದು. ವ್ಯವಸ್ಥೆ ಒಳ್ಳೆಯದೇ. ಆದರೆ ಹಳೆಯ ವಿಳಾಸಕ್ಕೆ ಗಂಟು ಹಾಕಿದ್ದ ಪಾಸ್‌ವರ್ಡು ಹೊಸ ವಿಳಾಸದಲ್ಲಿ ತಾನಾಗಿ ತುಂಬುವುದಿಲ್ಲವಷ್ಟೆ. ಖಾತೆ ಕೆಟ್ಟಿತೆಂದೋ, ಪುಟವೇ ನಕಲಿಯೆಂದೋ ಗಾಬರಿಯಾಗುವುದು ಸಹಜ. ವಿಳಾಸದ ಕೊನೆಯಲ್ಲಿ ಡಾಟ್ ಬ್ಯಾಂಕ್ ಡಾಟ್ ಇನ್ ಎಂದೇ ಇದ್ದು, ಅದರ ಹಿಂದಿನ ಹೆಸರು ನಿಮ್ಮ ಬ್ಯಾಂಕಿನದೇ ಆಗಿದ್ದರೆ, ಒಮ್ಮೆ ಕೈಯಿಂದ ತುಂಬಿ ಹೊಸದಾಗಿ ಉಳಿಸಬಹುದು. ಹಳೆಯ ನಮೂದನ್ನು ಅಳಿಸಿಬಿಡಬೇಕು. ಸಂದೇಶದಲ್ಲಿ ಬಂದ ಕೊಂಡಿಯನ್ನು ಒತ್ತಿ ಅಲ್ಲಿಗೆ ಹೋಗಬಾರದು ಎಂಬುದನ್ನು ಮತ್ತೆ ಹೇಳಬೇಕಾದುದಿಲ್ಲ.

ಉಳಿಸುವುದೇ ಬಿಡುವುದೇ ಎಂಬ ಪ್ರಶ್ನೆ ಹೀಗೆ ಕೊನೆಗೆ ಆ ಯಂತ್ರದ ಮುಂದೆ ಯಾರು ಯಾರು ಕೂಡುತ್ತಾರೆ ಎಂಬಲ್ಲಿಗೆ ಬಂದು ನಿಲ್ಲುತ್ತದೆ. ಒಬ್ಬರೇ ಬಳಸುವ, ಲಾಗಿನ್ ಪಿನ್ ಇರುವ ಮನೆಯ ಯಂತ್ರದಲ್ಲಿ ಉಳಿಸಲು ಅಡ್ಡಿಯಿಲ್ಲ. ಯಜಮಾನರು, ಗುಮಾಸ್ತರು, ತಿಂಗಳಿಗೆರಡು ಬಾರಿ ಬರುವ ಲೆಕ್ಕಿಗರ ಹುಡುಗ, ಕಾಲೇಜು ಬಿಟ್ಟು ಬಂದ ಮಗ, ಎಲ್ಲರೂ ಕೈಯಾಡಿಸುವ ಅಡತಿ ಅಂಗಡಿಯ ಯಂತ್ರದಲ್ಲಿ ಅದು ಸಲ್ಲದು. ಅಲ್ಲಿ ಕ್ರೋಮಿನ ಬಲಮೂಲೆಯ ಮೂರು ಚುಕ್ಕಿಗಳಿಂದ ಪಾಸ್‌ವರ್ಡ್ ಮ್ಯಾನೇಜರಿಗೆ ಹೋಗಿ, ಅದರ ಸೆಟ್ಟಿಂಗ್ಸಿನಲ್ಲಿ ಪಾಸ್‌ವರ್ಡ್ ಉಳಿಸಲೇ ಎಂದು ಕೇಳುವ ಗುಂಡಿಯನ್ನೂ, ತಾನಾಗಿ ಸೈನ್ ಇನ್ ಆಗುವ ಗುಂಡಿಯನ್ನೂ ಆರಿಸಿಬಿಡುವುದು ಲೇಸು. ಹಾಗೆ ಆರಿಸಿದ ಮಾತ್ರಕ್ಕೆ ಹಿಂದೆ ಉಳಿಸಿದ್ದು ಅಳಿಯುವುದಿಲ್ಲ. ಪಟ್ಟಿಯನ್ನು ತೆರೆದು ಒಂದೊಂದನ್ನೂ ಅಳಿಸಬೇಕು. ಮನೆಯ ವಿಂಡೋಸ್ ಯಂತ್ರದಲ್ಲಿ ಪಾಸ್‌ವರ್ಡ್ ತುಂಬುವ ಮುನ್ನ ವಿಂಡೋಸ್ ಹಲೋ ಮೂಲಕ ಪಿನ್ ಅಥವಾ ಬೆರಳಚ್ಚನ್ನು ಕೇಳುವ ಏರ್ಪಾಡು ಅಲ್ಲಿಯೇ ಇದೆ. ಫೈರ್‌ಫಾಕ್ಸ್ ಬಳಸುವವರು 'ಪ್ರೈಮರಿ ಪಾಸ್‌ವರ್ಡ್' ಎಂಬುದನ್ನು ಇಟ್ಟುಕೊಳ್ಳಬೇಕು. ಅದನ್ನು ಒಮ್ಮೆ ನೀಡುವವರೆಗೆ ಉಳಿದುವೆಲ್ಲ ಮುಚ್ಚಿಯೇ ಇರುತ್ತವೆ.

ಇದಕ್ಕಿಂತಲೂ ಹೆಚ್ಚು ಅಪಾಯಕರವಾದುದು 'ಸಿಂಕ್' ಎಂಬ ಸೌಲಭ್ಯ. ಮಗನು ಅಂಗಡಿಯ ಕ್ರೋಮಿನಲ್ಲಿ ತನ್ನ ಗೂಗಲ್ ಖಾತೆಗೆ ಪ್ರವೇಶಿಸಿ ಸಿಂಕ್ ಆಗಲೆಂದು ಒಪ್ಪಿದನೆನ್ನಿ. ಅವನು ಮನೆಯಲ್ಲಿಯೂ ಮೊಬೈಲಿನಲ್ಲಿಯೂ ಉಳಿಸಿದ್ದ ಪಾಸ್‌ವರ್ಡುಗಳೆಲ್ಲ ಅಂಗಡಿಯ ಯಂತ್ರಕ್ಕೆ ಇಳಿದು ಬರುತ್ತವೆ. ನಮ್ಮ ಪೈಕಿ ಅನೇಕರು ಧಾರವಾಡದಲ್ಲಿಯೋ ವಿಜಯಪುರದಲ್ಲಿಯೋ ಇರುವ ವೃದ್ಧ ತಂದೆತಾಯಿಗಳ ಖಾತೆಯನ್ನು ಇಲ್ಲಿಂದಲೇ ನಡೆಸುತ್ತಾರೆ. ಆ ತಾಯಿಯ ಪಿಂಚಣಿ ಖಾತೆಯ ಬೀಗದ ಕೈ ಆಕೆ ಎಂದೂ ಕಂಡಿರದ ಮಾರ್ಕೆಟ್ ಯಾರ್ಡಿನ ಮೇಜಿನ ಮೇಲೆ ಬಂದು ಬಿದ್ದಿರುತ್ತದೆ. ಅಂಗಡಿಯಲ್ಲಿ ಸ್ವಂತ ಖಾತೆಯನ್ನು ತೆರೆಯಲೇಬೇಕಾದರೆ 'ಗೆಸ್ಟ್' ಕಿಟಕಿಯನ್ನು ಬಳಸಬೇಕು. ಅದನ್ನು ಮುಚ್ಚಿದೊಡನೆ ಅದರ ನೆನಪೆಲ್ಲ ಅಳಿಯುತ್ತದೆ. ದಿನವೂ ಬಳಸುವ ಇಬ್ಬರು ಮೂವರಿದ್ದರೆ ಒಬ್ಬೊಬ್ಬರಿಗೂ ವಿಂಡೋಸ್ ಲಾಗಿನ್ನನ್ನೇ ಬೇರೆ ಮಾಡುವುದು ಉತ್ತಮ. ಕ್ರೋಮಿನ ಪ್ರೊಫೈಲುಗಳು ಅಚ್ಚುಕಟ್ಟಿಗೆ ಒಳ್ಳೆಯವಾದರೂ ಒಂದರಿಂದ ಇನ್ನೊಂದಕ್ಕೆ ದಾಟಲು ಅಲ್ಲಿ ಬೀಗವಿರುವುದಿಲ್ಲ.

ಇನ್ನು ಟ್ಯಾಬುಗಳ ವಿಚಾರ. ನಾವು ನೌಕರಿಗೆ ಸೇರಿದ ಕಾಲದ ಇಂಟರ್ನೆಟ್ ಎಕ್ಸ್‌ಪ್ಲೋರರಿನಲ್ಲಿ ಟ್ಯಾಬುಗಳೇ ಇರಲಿಲ್ಲ. 2006ರ ಏಳನೆಯ ಆವೃತ್ತಿಯಲ್ಲಿ ಅವು ಬಂದವು. ಈಗ ಮೇಲಂಚಿನಲ್ಲಿ ಮೂವತ್ತು ನಲವತ್ತು ಟ್ಯಾಬು ಸಾಲಾಗಿ ನಿಂತು ಹೆಸರೂ ಕಾಣದಂತಾಗಿರುತ್ತದೆ. ಇದರಿಂದ ಯಂತ್ರ ನಿಧಾನವಾಗುವುದು ಸಣ್ಣ ತೊಂದರೆ; ಕ್ರೋಮಿನ 'ಮೆಮೊರಿ ಸೇವರ್' ಅದಕ್ಕೆ ಸಾಕು. ದೊಡ್ಡ ವಿಷಯ ಬೇರೆ ಇದೆ: ಟ್ಯಾಬನ್ನು ಮುಚ್ಚಿದರೆ ಲಾಗೌಟ್ ಆದಂತಾಗುವುದಿಲ್ಲ. ನೀವು ಪ್ರವೇಶಿಸಿದೊಡನೆ ತಾಣವು ನಿಮ್ಮ ಬ್ರೌಸರಿಗೆ ಕುಕಿ ಎಂಬ ಚೀಟಿಯೊಂದನ್ನು ಕೊಟ್ಟಿರುತ್ತದೆ. ಆ ಚೀಟಿ ಇರುವವರೆಗೆ ಬಾಗಿಲಲ್ಲಿ ಯಾರೂ ತಡೆಯುವುದಿಲ್ಲ. ಕೆಲವು ಚೀಟಿಗಳು ಬ್ರೌಸರನ್ನು ಪೂರ್ತಿ ಮುಚ್ಚಿದಾಗ ಅಳಿಯಬೇಕಾದಂಥವು. ಆದರೆ ಸೆಟ್ಟಿಂಗ್ಸಿನ 'ಆನ್ ಸ್ಟಾರ್ಟಪ್' ಎಂಬಲ್ಲಿ 'ಕಂಟಿನ್ಯೂ ವೇರ್ ಯು ಲೆಫ್ಟ್ ಆಫ್' ಎಂದು ಆರಿಸಿದ್ದರೆ, ಕ್ರೋಮು ನಿನ್ನೆಯ ಟ್ಯಾಬುಗಳೊಡನೆ ಆ ಚೀಟಿಗಳನ್ನೂ ಜೋಪಾನವಾಗಿ ತಂದೊಪ್ಪಿಸುತ್ತದೆ. ರಾತ್ರಿ ಬಾಗಿಲು ಹಾಕಿ ಹೋದವರು ಬೆಳಿಗ್ಗೆ ಮೊದಲು ಬಂದ ಹುಡುಗನ ಕೈಗೆ ತೆರೆದ ಕಪಾಟನ್ನು ಕೊಟ್ಟಂತಾಯಿತು. ಕಂಟ್ರೋಲ್, ಶಿಫ್ಟ್, ಟಿ ಮೂರು ಕೀಲಿಗಳನ್ನು ಕೂಡಿ ಒತ್ತಿದರೆ ಆಗತಾನೆ ಮುಚ್ಚಿದ ಟ್ಯಾಬು ಮರಳಿ ಬರುತ್ತದೆಂಬುದೂ ಹುಡುಗರಿಗೆಲ್ಲ ಗೊತ್ತು.

ಬ್ಯಾಂಕಿನ ಮತ್ತು ಜಿ.ಎಸ್.ಟಿ.ಯ ತಾಣಗಳು ಕೆಲವು ನಿಮಿಷ ಕೆಲಸ ನಿಂತರೆ ತಾವೇ ಬಾಗಿಲು ಹಾಕಿಕೊಳ್ಳುತ್ತವೆ. ರಿಟರ್ನು ತುಂಬುವಾಗ ಬೈಯುತ್ತೇವಾದರೂ ಅದು ನಮ್ಮ ರಕ್ಷಣೆಗೇ. ಇ-ಮೇಲಿನ ತಾಣ ಹಾಗೆ ಮಾಡುವುದಿಲ್ಲ. ಅದು ವಾರಗಟ್ಟಲೆ ತೆರೆದೇ ಇರುತ್ತದೆ, ಮತ್ತು ಪಾಸ್‌ವರ್ಡ್ ಮರೆತೆನೆಂದು ಹೇಳಿದರೆ ಅನೇಕ ತಾಣಗಳು ಹೊಸದನ್ನು ಮಾಡುವ ಕೊಂಡಿಯನ್ನು ಕಳಿಸುವುದು ಇ-ಮೇಲಿಗೇ. ಆದುದರಿಂದ ಅಂಗಡಿಯ ಯಂತ್ರದಲ್ಲಿ ಬಿಡಬಾರದ ಟ್ಯಾಬುಗಳಲ್ಲಿ ಇ-ಮೇಲಿನದು ಮೊದಲನೆಯದೆಂದು ನಾನು ಎಣಿಸುತ್ತೇನೆ.

ಎರಡನೆಯದು, ಮೊಬೈಲಿಗೆ ಬಂದ ಎಸ್.ಎಂ.ಎಸ್.ಗಳನ್ನು ಕಂಪ್ಯೂಟರಿನಲ್ಲಿ ತೋರಿಸುವ ಗೂಗಲ್ ಮೆಸೇಜಸ್ ಟ್ಯಾಬು. ಒ.ಟಿ.ಪಿ. ನೋಡಲು ಮೊಬೈಲನ್ನು ಹುಡುಕಬೇಕಾಗಿಲ್ಲವೆಂದು ಇದನ್ನು 'ಪಿನ್' ಮಾಡಿ ಎಡತುದಿಯಲ್ಲಿ ಕಾಯಂ ನಿಲ್ಲಿಸಿಕೊಂಡವರುಂಟು. ಬ್ಯಾಂಕಿನ ಭದ್ರಕೋಠಿಯ ಎರಡು ಬೀಗದ ಕೈಗಳನ್ನು ಇಬ್ಬರು ಬೇರೆ ಬೇರೆ ನೌಕರರ ವಶದಲ್ಲಿಡುವ ಪದ್ಧತಿ ಬಹು ಹಳೆಯದು. ಪಾಸ್‌ವರ್ಡು ಒಂದು ಕೈ, ಒ.ಟಿ.ಪಿ. ಇನ್ನೊಂದು ಕೈ. 2025ರ ಏಪ್ರಿಲ್ 1ರಿಂದ ಇ-ವೇ ಬಿಲ್ಲಿನ ತಾಣದಲ್ಲಿಯೂ ಎಲ್ಲ ವರ್ತಕರಿಗೆ ಈ ಎರಡನೆಯ ಕೈ ಕಡ್ಡಾಯವಾಗಿದೆ. ಪಾಸ್‌ವರ್ಡನ್ನು ಬ್ರೌಸರು ತುಂಬಿ, ಪಕ್ಕದ ಟ್ಯಾಬಿನಲ್ಲಿ ಒ.ಟಿ.ಪಿ. ಮಿನುಗುವುದಾದರೆ ಎರಡನ್ನೂ ಒಂದೇ ಮೊಳೆಗೆ ತೂಗುಹಾಕಿದ ಹಾಗೆ.

ಅಂಗಡಿಯ ಯಂತ್ರದಲ್ಲಿ, ಬ್ರೌಸರು ತೆರೆದಾಗ ನಿನ್ನೆಯ ಟ್ಯಾಬುಗಳು ಬಾರದೆ ಗೊತ್ತುಪಡಿಸಿದ ಪುಟಗಳಷ್ಟೇ ಬರುವಂತೆ ಅದೇ 'ಆನ್ ಸ್ಟಾರ್ಟಪ್' ಎಂಬಲ್ಲಿ ಏರ್ಪಡಿಸಬಹುದು: ಜಿ.ಎಸ್.ಟಿ., ಇ-ವೇ ಬಿಲ್ಲು, ಬೇಕಿದ್ದರೆ ಹವಾಮಾನ. ಕಿಟಕಿಗಳೆಲ್ಲ ಮುಚ್ಚಿದಾಗ ತಾಣಗಳು ಇಟ್ಟ ಚೀಟಿಗಳನ್ನು ಅಳಿಸುವ ಆಯ್ಕೆಯನ್ನೂ ಸೇರಿಸಿದರೆ ದಿನದ ಆರಂಭದಲ್ಲಿ ಎರಡು ನಿಮಿಷ ಹೆಚ್ಚು ಟೈಪು ಮಾಡಬೇಕಾದೀತು, ಅಷ್ಟೆ. ಮನೆಯಲ್ಲಿ ಓದಿನ ಟ್ಯಾಬುಗಳು ಮರಳಿ ಬರುವಂತೆ ಇಟ್ಟುಕೊಳ್ಳಲಿ. ಬ್ಯಾಂಕಿನ ಕೆಲಸವನ್ನು ಮಾತ್ರ ಬೇರೆ ಟ್ಯಾಬುಗಳಿಲ್ಲದ ಕಿಟಕಿಯಲ್ಲಿ ಮಾಡಿ, ಲಾಗೌಟ್ ಒತ್ತಿ ಏಳಬೇಕು.

ಇಷ್ಟಾಗಿಯೂ ಹಣ ಹೋದರೆ 1930ಕ್ಕೆ ಕೂಡಲೇ ದೂರವಾಣಿ ಮಾಡಬೇಕು, ಬ್ಯಾಂಕಿಗೂ ತಿಳಿಸಿ ದೂರಿನ ಸಂಖ್ಯೆಯನ್ನು ಬರೆದುಕೊಳ್ಳಬೇಕು. ಮನೆಯವರೊಡನೆ ಚರ್ಚಿಸಿ ನಾಳೆ ನೋಡೋಣವೆಂದರೆ ಹಣ ನಾಲ್ಕು ಖಾತೆಗಳನ್ನು ದಾಟಿರುತ್ತದೆ. ರಿಸರ್ವ್ ಬ್ಯಾಂಕಿನ 2017ರ ಜುಲೈ 6ರ ಸುತ್ತೋಲೆಯು, ಗ್ರಾಹಕನದೂ ಬ್ಯಾಂಕಿನದೂ ಅಲ್ಲದ ಲೋಪದಿಂದಾದ ನಷ್ಟವನ್ನು ಮೂರು ಕೆಲಸದ ದಿನಗಳೊಳಗೆ ತಿಳಿಸಿದರೆ ಗ್ರಾಹಕನ ಮೇಲೆ ಹೊಣೆಯಿಲ್ಲವೆಂದೂ, ಗುಪ್ತ ವಿವರಗಳನ್ನು ತಾನೇ ಹಂಚಿಕೊಂಡಿದ್ದರೆ ತಿಳಿಸುವವರೆಗಿನ ನಷ್ಟ ಅವನದೇ ಎಂದೂ ತತ್ತ್ವವನ್ನು ಹಾಕಿಕೊಟ್ಟಿತು. ಹತ್ತು ಜನ ಬಳಸುವ ಯಂತ್ರದಲ್ಲಿ ಪಾಸ್‌ವರ್ಡನ್ನು ಉಳಿಸಿದ್ದು ಯಾವ ಬಗೆಗೆ ಸೇರುತ್ತದೆಂಬ ವಾದ ಎದ್ದರೆ ಗ್ರಾಹಕನ ಪಕ್ಷ ದುರ್ಬಲವಾಗುತ್ತದೆ.

ಇನ್ನೊಂದು ಮಾತು, ಹಳೆಯ ಯಂತ್ರದ ಬಗ್ಗೆ. ಹೊಸದು ಬಂದಾಗ ಹಳೆಯದನ್ನು ಊರಿನ ಶಾಲೆಗೋ ಅಣ್ಣನ ಮಕ್ಕಳಿಗೋ ಕಳಿಸಿಕೊಡುವುದು ನಮ್ಮಲ್ಲಿ ರೂಢಿ. ಲಾರಿಗೆ ಏರಿಸುವ ಮುನ್ನ ಸಿಂಕ್ ನಿಲ್ಲಿಸಿ, ಕ್ರೋಮಿನ ಪ್ರೊಫೈಲನ್ನು ಅಳಿಸಿ, ಆಮೇಲೆ ವಿಂಡೋಸ್‌ನ 'ರೀಸೆಟ್' ಮೂಲಕ ಎಲ್ಲವನ್ನೂ ತೆಗೆದುಹಾಕಬೇಕು. ಕಳಿಸಿಯೇ ಬಿಟ್ಟಿದ್ದರೂ ಉಪಾಯವುಂಟು: ಗೂಗಲ್ ಖಾತೆಯ ಭದ್ರತೆಯ ಪುಟದಲ್ಲಿ ನಿಮ್ಮ ಸಾಧನಗಳ ಪಟ್ಟಿ ಇರುತ್ತದೆ, ಇಲ್ಲಿಂದಲೇ ಆ ಯಂತ್ರವನ್ನು ಸೈನ್ ಔಟ್ ಮಾಡಬಹುದು. ಅದರಲ್ಲಿ ಉಳಿಸಿದ್ದ ಪಾಸ್‌ವರ್ಡುಗಳನ್ನು ಅದೇ ದಿನ ಬದಲಾಯಿಸಬೇಕು, ಇ-ಮೇಲಿನದನ್ನು ಎಲ್ಲಕ್ಕೂ ಮೊದಲು.