ನಿಮಗಿದು ಗೊತ್ತೆ?: ತೋಟದ ನೆರಳಿನ ಒಂದೆಲಗ

ಶಿರಸಿ, ಸಿದ್ದಾಪುರ, ಯಲ್ಲಾಪುರ ಸೀಮೆಯ ಅಡಿಕೆ ತೋಟಗಳಲ್ಲಿ, ನಡುಹಗಲಿನ ಬಿಸಿಲೂ ಹೆಡೆಗಳ ನಡುವೆ ಸೋಸಿ ಚುಕ್ಕೆಚುಕ್ಕೆಯಾಗಿ ಮಾತ್ರವೇ ಇಳಿಯುವ ಬಸಿಗಾಲುವೆಯ ಅಂಚಿನಲ್ಲಿ, ಯಾರೂ ಬಿತ್ತದೆ ಹಸುರು ಹಾಸಿನಂತೆ ಹಬ್ಬಿಕೊಳ್ಳುವ ಬಹುವಾರ್ಷಿಕ ಸಸ್ಯವೇ ಒಂದೆಲಗ. ಸಂಸ್ಕೃತದಲ್ಲಿ ಇದು ಮಂಡೂಕಪರ್ಣಿ, ತುಳುನಾಡಿನಲ್ಲಿ ತಿಮರೆ.

ಇದು ಹಬ್ಬುವ ಕ್ರಮವು ಕೌತುಕಕರವಾದುದು. ನೆಲದ ಮೇಲೆ ಹರಿದ, ದಾರದಂತೆ ತೆಳುವಾದ ನಸುಗೆಂಪು ಬಳ್ಳಿಯನ್ನು ಮೆಲ್ಲನೆ ಎತ್ತಿ ನೋಡಿದರೆ, ಗೆಣ್ಣುಗೆಣ್ಣಿಗೂ ಕೆಳಗೆ ಬೇರಿನ ಎಳೆಗಳೂ, ಮೇಲೆ ನೀಳವಾದ ತೊಟ್ಟುಗಳ ತುದಿಯಲ್ಲಿ ಒಂದೊಂದೇ ದುಂಡನೆಯ ಎಲೆಯೂ ಕಾಣುವುವು. ಆದುದರಿಂದ ಬೇರುಳ್ಳ ಒಂದು ಗೆಣ್ಣನ್ನು ತಂದು, ಬೇರಾವ ಹೂಗಿಡವೂ ಏಳದ ಹಿತ್ತಿಲಿನ ನೆರಳಿನಲ್ಲಿ, ಗೊಬ್ಬರ ಬೆರೆತ ಮಣ್ಣಿನಲ್ಲಿ ಊರಿ, ತೇವವು ಆರದಂತೆ ಕಾಯ್ದುಕೊಂಡರೆ, ಅದು ತಾನಾಗಿಯೇ ನೆಲವನ್ನು ಮುಚ್ಚಿ ಮಳೆಯ ಹೊಡೆತದಿಂದ ಮಣ್ಣನ್ನು ರಕ್ಷಿಸುವುದು.

ಕೊತ್ತಂಬರಿ, ಜೀರಿಗೆಗಳ ಕುಟುಂಬಕ್ಕೆ ಸೇರಿದ ಇದನ್ನು ಸಸ್ಯವಿಜ್ಞಾನಿ ಲಿನೇಯಸನು 1753ರಲ್ಲಿ ಹೈಡ್ರೊಕೊಟೈಲ್ ಏಷಿಯಾಟಿಕ ಎಂದು ಕರೆದನು. 1879ರಲ್ಲಿ ಜರ್ಮನಿಯ ಸಸ್ಯವಿಜ್ಞಾನಿ ಅರ್ಬನನು ಸೆಂಟೆಲ್ಲ ಏಷಿಯಾಟಿಕ ಎಂಬ ಇಂದಿನ ಹೆಸರನ್ನಿತ್ತನು. ಬ್ರಾಹ್ಮಿಯೆಂದೂ ಇದನ್ನು ಕರೆಯುವುದುಂಟಾದರೂ, ನೀರುಬ್ರಾಹ್ಮಿಯು ಬೇರೆಯೇ ಸಸ್ಯ.

ಎಲೆಗಳನ್ನು ಕಾಯಿತುರಿ, ಜೀರಿಗೆ, ಕಾಳುಮೆಣಸುಗಳೊಡನೆ ನುಣ್ಣಗೆ ಅರೆದು ಮಜ್ಜಿಗೆಯಲ್ಲಿ ಕದಡಿದರೆ, ಬೇಸಗೆಯ ಊಟಕ್ಕೆ ತಂಪಾದ ತಂಬುಳಿಯಾಯಿತು. ಕೊಯ್ಯುವಾಗ ಬೇರು ಕೀಳದಿರಿ. ಕಳೆನಾಶಕವನ್ನಂತೂ ಅದರ ಬಳಿ ಸುಳಿಯಗೊಡದಿರಿ. ನೆಲಕ್ಕೆ ಹೊದಿಕೆಯೂ ಮನೆಗೆ ಆಹಾರವೂ ಆಗಿರುವ ಈ ಸಸ್ಯವು ಉಳಿಸಿಕೊಳ್ಳತಕ್ಕ ಸಂಪತ್ತು.