ಪ್ಯಾರಾಚೂಟ್ ಬಟ್ಟೆ ಯಾಕೆ ಪರ್ರಂತ ಹರಿಯಲ್ಲ?

ಮಳೆಗಾಲದಲ್ಲಿ ದೇವರಮನೆ ಗುಡ್ಡದ ಮೇಲೆ
ಕೊಡೆ ಬಿಚ್ಚಿದ್ದೀರಾ?

ಒಂದೇ ಗಾಳಿ. ಕೊಡೆ ಉಲ್ಟಾ.
ಕಡ್ಡಿ ಪಕ್ಕದಲ್ಲಿ ಬಟ್ಟೆ ಪರ್ರಂತ ಹರಿದಿರುತ್ತೆ.

ಹಾಗಾದ್ರೆ, ಆಕಾಶದಿಂದ ಜಿಗಿಯೋರ ಪ್ಯಾರಾಚೂಟ್
ಯಾಕೆ ಹರಿಯಲ್ಲ?

ಮೊದಲು ಅದು ರೇಷ್ಮೆಯದ್ದು.
ಎರಡನೇ ಮಹಾಯುದ್ಧದಲ್ಲಿ ಜಪಾನ್ ರೇಷ್ಮೆ ನಿಂತುಹೋಯ್ತು.
ಆಗ ನಮ್ಮ ಮೈಸೂರು ಸೀಮೆ ರೇಷ್ಮೆಗೂ
ಪ್ಯಾರಾಚೂಟಿಗೋಸ್ಕರ ಬೇಡಿಕೆ ಬಂತು.
ಸೀರೆಯಾಗೋ ನೂಲು, ಸೈನಿಕನ ಜೀವ ಹಿಡೀತು!

ಆಮೇಲೆ ಬಂದಿದ್ದು ನೈಲಾನ್.
ಅದನ್ನ ಕರಗಿಸ್ತಾರೆ.
ಸಣ್ಣ ಸಣ್ಣ ತೂತುಗಳಿಂದ ಒತ್ತಿ, ಎಳೆ ತೆಗೀತಾರೆ.
ಕೂದಲಿಗಿಂತ ತೆಳು.

ನೇಯುವಾಗಲೇ ಇದೆ ಜಾಣತನ.
ಕೆಲವು ಮಿಲಿಮೀಟರಿಗೊಂದು ದಪ್ಪ ಎಳೆ,
ಉದ್ದಕ್ಕೂ, ಅಡ್ಡಕ್ಕೂ.
ನಿಮ್ಮ ಟ್ರೆಕ್ಕಿಂಗ್ ಬ್ಯಾಗಿನ ರೇನ್‌ಕವರ್ ಬೆಳಕಿಗೆ ಹಿಡಿದು ನೋಡಿ,
ಅದರಲ್ಲೂ ಈ ಪುಟ್ಟ ಚೌಕಗಳು ಕಾಣಬಹುದು.

ಗದ್ದೆ ಬದು ಇದ್ದ ಹಾಗೆ.
ಒಂದು ಮಡಿಯ ನೀರು ಬದುವಿಗೆ ಬಂದು ನಿಲ್ಲುತ್ತಲ್ಲ,
ಹರುಕೂ ಆ ದಪ್ಪ ಎಳೆಗೆ ಬಂದು ನಿಲ್ಲುತ್ತೆ.

ಕೊನೆಗೆ ಬಿಸಿ ರೋಲರ್ ನಡುವೆ ಒತ್ತುತ್ತಾರೆ.
ಎಳೆಗಳ ಸಂದು ಕಿರಿದಾಗುತ್ತೆ,
ಗಾಳಿ ಅಳತೆಯಲ್ಲಿ ಮಾತ್ರ ದಾಟುತ್ತೆ.

ಇಷ್ಟು ಗಟ್ಟಿ ಬಟ್ಟೆಗೂ ಶತ್ರುಗಳಿವೆ.
ಬಿಸಿಲು, ಎಳೆಯ ಬಲ ತಿನ್ನುತ್ತೆ.
ಬಿಚ್ಚಿಕೊಳ್ಳೋ ರಭಸಕ್ಕೆ ಹಗ್ಗ ಉಜ್ಜಿದ್ರೆ,
ಆ ಬಿಸಿಗೇ ನೈಲಾನ್ ಕರಗಬಹುದು.
ಬಿಸಿಲು ತಿಂದ ಬಟ್ಟೆ ಹೊರಗಿಂದ ನೋಡಿದ್ರೆ ಹೊಸದರ ಹಾಗೇ ಇರಬಹುದು,
ನನಗೆ ಭಯ ಆಗೋದು ಅದಕ್ಕೇ.

ಅದಕ್ಕೇ ತಪಾಸಣೆಗೆ ಕೂತವರು
ಬಟ್ಟೆಯನ್ನ ಬೆಳಕಿಗೆ ಹಿಡೀತಾರೆ.
ಒಂದೊಂದೇ ಪಟ್ಟಿ,
ಒಂದೊಂದೇ ಹೊಲಿಗೆ.
ಆಮೇಲೇ ಮಡಚೋದು.